ಮೊದಲು ಒರೆಸಿ, ಆಮೇಲೆ ಎಣ್ಣೆ ಹಾಕಿ



ಇವತ್ತಿನ ಮಾತು ಮನೆಯ ಕದವನ್ನು ಹೊತ್ತು ನಿಂತಿರುವ ಬಿಜಾಗರಿಗಳ ಬಗ್ಗೆ. ನಮ್ಮಲ್ಲಿ ಬಹಳ ಮಂದಿ ಕಬ್ಜಾ ಎಂದೇ ಕರೆಯುತ್ತೀರಿ. ದಿನಕ್ಕೆ ಎಷ್ಟೋ ಸಲ ಕದ ತೆಗೆಯುತ್ತೇವೆ, ಮುಚ್ಚುತ್ತೇವೆ. ಅದು ಕಿರ್ರ್ ಎಂದಾಗ ಮಾತ್ರ ಬಿಜಾಗರಿ ನೆನಪಾಗುತ್ತದೆ. ಆಗ ಅಡುಗೆ ಮನೆಗೆ ಹೋಗಿ, ಕೈಗೆ ಸಿಕ್ಕ ಎಣ್ಣೆಯನ್ನು ಎರಡು ಹನಿ ಬಿಟ್ಟು ಬರುತ್ತೇವೆ. ಸದ್ದು ನಿಲ್ಲುತ್ತದೆ. ಕೆಲವು ದಿನಗಳಲ್ಲಿ ಮತ್ತೆ ಶುರುವಾಗುತ್ತದೆ, ಈ ಸಲ ಮೊದಲಿಗಿಂತ ಒರಟಾಗಿ. ಮತ್ತೆ ಎಣ್ಣೆ. ಹೀಗೆ ಎರಡು ಮೂರು ವರ್ಷ ನಡೆದ ಮೇಲೆ ಬಿಜಾಗರಿಯ ಮೇಲೆ ಕಪ್ಪು ಜಿಡ್ಡು ಮೆತ್ತಿಕೊಂಡು, ಕದವನ್ನು ಹೆಗಲು ಕೊಟ್ಟು ನೂಕಬೇಕಾಗುತ್ತದೆ. ಎಣ್ಣೆ ಹಾಕಿದ್ದು ತಪ್ಪಲ್ಲ. ಒರೆಸದೆ, ತೊಳೆಯದೆ ಹಾಕಿದ್ದು ತಪ್ಪು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಮನೆಗಳಿಗೆ ಈ ಮಾತನ್ನು ಒತ್ತಿ ಹೇಳಬೇಕು. ಯಾಕೆಂದರೆ ನಮ್ಮ ಧೂಳು ಬೇರೆ ಊರಿನ ಧೂಳಿನ ಹಾಗಲ್ಲ.

ನಮ್ಮ ನೆಲದ ಅಡಿಯಲ್ಲಿರುವುದು ಸುಣ್ಣಗಲ್ಲು. ಅದನ್ನೇ ಪದರ ಪದರವಾಗಿ ಬಿಡಿಸಿ ಪರ್ಸಿ ಮಾಡುತ್ತೇವೆ. ಶಹಾಬಾದ್ ಕಲ್ಲು ಎಂಬ ಹೆಸರಿನಲ್ಲಿ ಅದು ದೇಶದ ಎಷ್ಟೋ ಮನೆಗಳ, ನಿಲ್ದಾಣಗಳ ನೆಲವಾಗಿದೆ. ಅದೇ ಕಲ್ಲನ್ನು ಅರೆದು, ಸುಟ್ಟು ಸಿಮೆಂಟ್ ಮಾಡುತ್ತೇವೆ. ವಾಡಿಯ ದೊಡ್ಡ ಕಾರ್ಖಾನೆ ಶುರುವಾಗಿದ್ದು 1968ರಲ್ಲಿ. ಸೇಡಂ, ಮಳಖೇಡದ ಕಡೆಯೂ ದೊಡ್ಡ ಕಾರ್ಖಾನೆಗಳಿವೆ. ಖಣಿಯ ಪುಡಿ, ಕಲ್ಲು ಕೊಯ್ಯುವ ಯಂತ್ರದ ಬಿಳಿ ಹಿಟ್ಟು, ಲಾರಿ ಹೋದ ದಾರಿಯ ಧೂಳು, ಬೇಸಿಗೆಯಲ್ಲಿ ಎರೆ ಹೊಲದಿಂದ ಏಳುವ ಕರಿ ಮಣ್ಣು, ತೊಗರಿ ರಾಶಿಯ ದಿನಗಳಲ್ಲಿ ಹೊಟ್ಟು. ಇವೆಲ್ಲ ಬಂದು ಕೂಡುವ ಜಾಗಗಳಲ್ಲಿ ಬಿಜಾಗರಿಯ ಸುರುಳಿಯೂ ಒಂದು.

ಬಿಜಾಗರಿಗೆ ಎರಡು ಪಟ್ಟಿಗಳು. ಒಂದು ಚೌಕಟ್ಟಿಗೆ, ಇನ್ನೊಂದು ಕದಕ್ಕೆ. ಎರಡರ ಅಂಚೂ ಸುರುಳಿಯಾಗಿ ಒಂದರೊಳಗೊಂದು ಕೂಡಿಕೊಂಡಿರುತ್ತದೆ. ನಡುವೆ ಒಂದು ಕಡ್ಡಿ ತೂರಿರುತ್ತದೆ. ಕಡ್ಡಿಗೂ ಸುರುಳಿಗೂ ನಡುವೆ ಇರುವ ಸಂದು ಕೂದಲೆಳೆಯಷ್ಟು. ಕದದ ಭಾರವೆಲ್ಲ ಆ ಸಂದಿನಲ್ಲಿ ತಿರುಗಬೇಕು. ಸುಣ್ಣಗಲ್ಲಿನ ಪುಡಿ ಕಬ್ಬಿಣಕ್ಕಿಂತ ಮೆದು, ಅದು ಕಬ್ಬಿಣವನ್ನು ಅಷ್ಟು ಬೇಗ ಸವೆಸುವುದಿಲ್ಲ. ಆದರೆ ಎಣ್ಣೆಯನ್ನು ಹೀರಿ, ಒತ್ತಿ ಒತ್ತಿ ಗಟ್ಟಿ ಮೆತ್ತೆಯಾಗುತ್ತದೆ. ಮರಳಿನ ಕಣ ಹಾಗಲ್ಲ. ಅದು ಸ್ಫಟಿಕ, ಬಿಜಾಗರಿಯ ಕಬ್ಬಿಣಕ್ಕಿಂತ ಗಟ್ಟಿ. ಆ ಮೆತ್ತೆಯೊಳಗೆ ಮರಳು ಸೇರಿತೆಂದರೆ ಪ್ರತಿ ಸಲ ಕದ ತೆಗೆದಾಗಲೂ ಕಡ್ಡಿ ಒಂದಿಷ್ಟು ಸವೆಯುತ್ತದೆ. ಇನ್ನು ಸಿಮೆಂಟಿನ ಪುಡಿ. ಅದಕ್ಕೆ ನೀರು ತಾಗಿದರೆ ಏನಾಗುತ್ತದೆ ಎಂದು ಈ ಸೀಮೆಯವರಿಗೆ ನಾನು ಹೇಳಬೇಕಾಗಿಲ್ಲ. ಮಳೆಗಾಲದ ತೇವಕ್ಕೆ ಅದು ಸಂದಿನೊಳಗೇ ಕಲ್ಲಾಗುತ್ತದೆ.

ಇದರ ಮೇಲೆ ನಾವು ಹಾಕುವ ಎಣ್ಣೆ ಯಾವುದು? ನಮ್ಮ ಕಡೆ ಅಡುಗೆ ಮನೆಯಲ್ಲಿ ಕುಸುಬಿ ಎಣ್ಣೆ ಇರುತ್ತದೆ. ರೊಟ್ಟಿ ಪಲ್ಯಕ್ಕೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ ಎಂದು ನಾನೂ ಒಪ್ಪುತ್ತೇನೆ. ಬಿಜಾಗರಿಗೆ ಮಾತ್ರ ಅದು ಬೇಡ. ಕುಸುಬಿ ಎಣ್ಣೆ ಗಾಳಿಗೆ ತೆಳುವಾಗಿ ಹರಡಿದರೆ ನಿಧಾನವಾಗಿ ಒಣಗಿ ಪೊರೆಗಟ್ಟುತ್ತದೆ. ಈ ಗುಣ ಇರುವುದರಿಂದಲೇ ಅದನ್ನು ಬಣ್ಣ, ವಾರ್ನಿಶ್ ತಯಾರಿಸಲು ಬಳಸುತ್ತಾರೆ. ಮನೆಯ ಕಿಟಕಿಗೆ ವಾರ್ನಿಶ್ ಹಚ್ಚುವವರು ಬಿಜಾಗರಿಯ ಹೊಟ್ಟೆಗೆ ವಾರ್ನಿಶ್ ಸುರಿಯುತ್ತಾರೆಯೇ? ಕುಸುಬಿ ಎಣ್ಣೆ ಹಾಕಿದಾಗ ಆಗುವುದು ಹೆಚ್ಚುಕಡಿಮೆ ಅದೇ. ಸೂರ್ಯಕಾಂತಿ ಎಣ್ಣೆಯೂ ಅದೇ ದಾರಿ ಹಿಡಿಯುತ್ತದೆ. ಶೇಂಗಾ ಎಣ್ಣೆ ಅಷ್ಟು ಬೇಗ ಒಣಗದಿದ್ದರೂ ಕಾಲಕ್ರಮದಲ್ಲಿ ಅಂಟಾಗುತ್ತದೆ. ಕೊಬ್ಬರಿ ಎಣ್ಣೆ ಚಳಿಗಾಲದ ಬೆಳಗಿನಲ್ಲಿ ಹೆಪ್ಪುಗಟ್ಟಿ ಕೂರುತ್ತದೆ.

ಹಾಗಾದರೆ ನಮ್ಮ ಹಿರಿಯರು ಬಂಡಿಗೆ ಔಡಲೆಣ್ಣೆ ಹಾಕುತ್ತಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಹಾಕುತ್ತಿದ್ದರು. ಔಡಲೆಣ್ಣೆ ಬೇಗ ಒಣಗುವುದಿಲ್ಲ, ಭಾರ ಬಿದ್ದರೂ ಸಂದಿನಿಂದ ಜಾರಿ ಹೋಗುವುದಿಲ್ಲ. ಮೊದಲನೆಯ ಮಹಾಯುದ್ಧದ ಎಷ್ಟೋ ವಿಮಾನಗಳ ಎಂಜಿನ್ ಓಡಿದ್ದು ಅದೇ ಔಡಲೆಣ್ಣೆಯ ಮೇಲೆ. ಆದರೆ ನಮ್ಮ ಹಿರಿಯರು ಬಂಡಿಗೆ ಕೀಲೆಣ್ಣೆ ಹಾಕುವ ಕ್ರಮವನ್ನು ನೆನಪಿಸಿಕೊಳ್ಳಿ. ಮೊದಲು ಗಾಲಿಯನ್ನು ಹೊರಗೆ ಎಳೆಯುತ್ತಿದ್ದರು. ಅಚ್ಚಿಗೆ ಮೆತ್ತಿದ ಹಳೆಯ ಕರಿ ಮಡ್ಡಿಯನ್ನು ಚಿಂದಿ ಬಟ್ಟೆಯಿಂದ ತಿಕ್ಕಿ ತೆಗೆಯುತ್ತಿದ್ದರು. ಆಮೇಲೆ ಹೊಸ ಕೀಲೆಣ್ಣೆ. ಒರೆಸದೆ ಹಾಕಿದ ಮಗನಿಗೆ ಅಪ್ಪನಿಂದ ಬೈಗುಳ ತಪ್ಪುತ್ತಿರಲಿಲ್ಲ.

ವಾಡಿ ಜಂಕ್ಷನ್ನಿನ ಹಳೆಯ ರೈಲ್ವೆ ನೌಕರರನ್ನು ಕೇಳಿದರೂ ಇದೇ ಮಾತು ಬರುತ್ತದೆ. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ವಾಡಿಗೆ ಬಂದು, ಮುಂಬೈ ಕಡೆಯ ದೊಡ್ಡ ಲೈನನ್ನು ಕೂಡಿಕೊಂಡಿತು. ಹಿಂದಿನ ಕಾಲದ ಗೂಡ್ಸ್ ಡಬ್ಬಿಗಳಲ್ಲಿ ಗಾಲಿಯ ಅಚ್ಚಿನ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ನೆನೆಸಿದ ನೂಲಿನ ಉಂಡೆ ಇರುತ್ತಿತ್ತು. ಆ ಪೆಟ್ಟಿಗೆಯ ಮುಚ್ಚಳ ಸರಿಯಿಲ್ಲದೆ ಒಳಗೆ ಧೂಳು ಹೋದರೆ ಅಚ್ಚು ಕಾದು ಕೆಂಪಾಗುತ್ತಿತ್ತು. ಅದಕ್ಕಾಗಿಯೇ ಗಾಡಿ ನಿಂತಾಗ ಪರೀಕ್ಷಕರು ಪೆಟ್ಟಿಗೆ ಪೆಟ್ಟಿಗೆಗೂ ಕೈ ಇಟ್ಟು ಬಿಸಿ ನೋಡುತ್ತಾ ಹೋಗುತ್ತಿದ್ದರು. ಇನ್ನು ಸಿಮೆಂಟ್ ಕಾರ್ಖಾನೆಯ ಫಿಟ್ಟರುಗಳು. ನೂರಾರು ಟನ್ ತೂಗುವ, ಸದಾ ಸುತ್ತುವ ಸುಡುಗೂಡನ್ನು ಹೊತ್ತ ಉರುಳೆಗಳ ಮೈಗೆ ಅವರು ಎಣ್ಣೆಯ ಬದಲು ಗ್ರಾಫೈಟ್ ಗಟ್ಟಿಗಳನ್ನು ತಾಗಿಸಿ ಇಡುತ್ತಾರೆ. ಗ್ರಾಫೈಟ್ ಒಣ ಪದಾರ್ಥ; ಬಿಸಿಗೆ ಉರಿದು ಹೋಗುವುದಿಲ್ಲ, ಧೂಳನ್ನು ಅಂಟಿಸಿಕೊಳ್ಳುವುದಿಲ್ಲ. ಬಂಡಿ, ರೈಲು, ಗೂಡು ಮೂರೂ ನಮ್ಮ ಮಂದಿಯ ಕೈಕೆಲಸ. ಕಾರ್ಖಾನೆಯಲ್ಲಿ ದಿನವಿಡೀ ಬೇರಿಂಗ್ ಒರೆಸಿ ಮನೆಗೆ ಬಂದವರು ತಮ್ಮದೇ ಮನೆಯ ಬಾಗಿಲಿಗೆ ಒರೆಸದೆ ಎಣ್ಣೆ ಸುರಿಯುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಗೊತ್ತಿರುವ ವಿದ್ಯೆಯನ್ನು ಮನೆಗೂ ತನ್ನಿ ಎಂದಷ್ಟೇ ನನ್ನ ಬೇಡಿಕೆ.

ಈಗ ಕೆಲಸದ ಕ್ರಮ. ಬೇಕಾಗುವುದು ಒಂದು ಹಳೆಯ ಹಲ್ಲುಜ್ಜುವ ಬ್ರಷ್, ಹಳೆಯ ಹತ್ತಿ ಬಟ್ಟೆ, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್, ಸೂಜಿ ತೆಗೆದ ಹೊಸ ಸಿರಿಂಜ್ ಒಂದು, ಮತ್ತು ಹೊಲಿಗೆ ಮಷೀನಿನ ಎಣ್ಣೆ. ಕದವನ್ನು ಅರ್ಧ ತೆರೆದು, ಅಡಿಯಲ್ಲಿ ಕಟ್ಟಿಗೆಯ ಬೆಣೆ ಕೊಟ್ಟು ಅಲುಗದಂತೆ ನಿಲ್ಲಿಸಿ. ಒಣ ಬ್ರಷ್ಷಿನಿಂದ ಸುರುಳಿಯ ಹೊರಗಿನ ಧೂಳನ್ನೆಲ್ಲ ಉದುರಿಸಿ. ಮೊದಲೇ ಒದ್ದೆ ಬಟ್ಟೆ ಬೇಡ, ಪುಡಿ ಕೆಸರಾಗಿ ಒಳಗೆ ಇಳಿಯುತ್ತದೆ. ಕೆಳಗೆ ಒಂದು ಹಳೆಯ ಪೇಪರ್ ಹಾಸಿ, ಯಾಕೆಂದರೆ ಪರ್ಸಿ ಕಲ್ಲು ಎಣ್ಣೆಯನ್ನು ಹೀರಿಕೊಂಡರೆ ಆ ಕಲೆ ಹೋಗುವುದು ಕಷ್ಟ. ಆಮೇಲೆ ಸಿರಿಂಜಿನಿಂದ ಸುರುಳಿಯ ಮೇಲ್ಭಾಗದ ಸಂದಿಗೆ ಸೀಮೆಎಣ್ಣೆ ಬಿಡುತ್ತಾ, ಬೆಣೆ ತೆಗೆದು ಕದವನ್ನು ಹಿಂದೆ ಮುಂದೆ ಆಡಿಸಿ. ಕೆಳಗಿನಿಂದ ಕರಿ ನೀರು ಇಳಿಯುತ್ತದೆ. ಒರೆಸಿ, ಮತ್ತೆ ಬಿಡಿ. ಇಳಿಯುವ ಎಣ್ಣೆ ತಿಳಿಯಾಗುವವರೆಗೂ ಮಾಡಬೇಕು. ಇಲ್ಲಿ ಅವಸರ ಮಾಡಿದರೆ ಉಳಿದ ಕೆಲಸವೆಲ್ಲ ದಂಡ.

ತಿಳಿಯಾದ ಮೇಲೆ ಬಟ್ಟೆಯಿಂದ ಒರೆಸಿ, ಒಂದೆರಡು ಗಂಟೆ ಒಣಗಲು ಬಿಡಿ. ಆಮೇಲೆ ಒಂದೊಂದು ಸಂದಿಗೆ ಒಂದೊಂದು ಹನಿ ಮಷೀನ್ ಎಣ್ಣೆ. ಕದ ನಾಲ್ಕಾರು ಸಲ ಆಡಿಸಿ, ಹೊರಗೆ ಬಂದ ಎಣ್ಣೆಯನ್ನೆಲ್ಲ ಒರೆಸಿಬಿಡಿ. ಕೈಯಾಡಿಸಿದರೆ ಹೊರಮೈ ಒಣಗಿರಬೇಕು. ಎಣ್ಣೆ ಕೆಲಸ ಮಾಡುವುದು ಸಂದಿನೊಳಗೆ. ಹೊರಗೆ ಉಳಿದದ್ದು ಧೂಳಿಗೆ ಕರೆ ಕೊಡುತ್ತದೆ.

ಸೀಮೆಎಣ್ಣೆಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ದಯವಿಟ್ಟು ಮನಸ್ಸಿಟ್ಟು ಕೇಳಿ. ಅದನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿ ಇಡಬೇಡಿ. ನೀರೆಂದು ಮಕ್ಕಳು ಕುಡಿದು ಪ್ರಾಣಕ್ಕೆ ಕುತ್ತು ಬಂದ ಸುದ್ದಿಗಳನ್ನು ನಾವೆಲ್ಲ ಕೇಳಿದ್ದೇವೆ. ಒಲೆ, ದೀಪ, ಊದಿನಕಡ್ಡಿ ಹತ್ತಿರವಿದ್ದಾಗ ಈ ಕೆಲಸ ಬೇಡ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ, ಬಿಸಿಲಿಗೆ ಹರವಿ ಒಣಗಿಸಿ.

ಬಿಜಾಗರಿಯ ಕಡ್ಡಿಯನ್ನೇ ಹೊರಗೆ ತೆಗೆಯಲು ಬಂದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಸಿಗುವ ಬಹಳಷ್ಟು ಕಬ್ಬಿಣದ ಬಿಜಾಗರಿಗಳ ಕಡ್ಡಿಯನ್ನು ಎರಡೂ ತುದಿಯಲ್ಲಿ ಬಡಿದು ಕೂಡಿಸಿರುತ್ತಾರೆ. ಅವನ್ನು ತೆಗೆಯಲು ಹೋಗಬೇಡಿ. ಮೇಲೆ ತಲೆ ಇರುವ, ಕೆಳಗಿನಿಂದ ಮೊಳೆ ಕೊಟ್ಟು ತಟ್ಟಿದರೆ ಏಳುವ ಕಡ್ಡಿಯಾದರೆ ಒಂದು ಸಲಕ್ಕೆ ಒಂದೇ ಬಿಜಾಗರಿಯದನ್ನು ತೆಗೆಯಿರಿ, ಒರೆಸಿ, ಉಪ್ಪುಕಾಗದದಿಂದ ತುಕ್ಕು ತಿಕ್ಕಿ, ಎಣ್ಣೆ ಸವರಿ ಮತ್ತೆ ಇಳಿಸಿ. ಆಮೇಲೆ ಮುಂದಿನದು. ಎಲ್ಲ ಕಡ್ಡಿಗಳನ್ನು ಒಟ್ಟಿಗೆ ತೆಗೆದರೆ ಕದ ಮೈಮೇಲೆ ಬರುತ್ತದೆ. ಒಳ್ಳೆಯ ಸಾಗವಾನಿಯ ಏಳು ಅಡಿ ಎತ್ತರ, ಮೂರು ಅಡಿ ಅಗಲ, ಒಂದೂವರೆ ಇಂಚು ದಪ್ಪದ ಹಲಗೆ ಕದ 45 ಕಿಲೋಗೂ ಮೀರಿ ತೂಗುತ್ತದೆ.

ಖಣಿಯ ಹತ್ತಿರ, ಲಾರಿ ದಾರಿಯ ಪಕ್ಕದಲ್ಲಿ ಮನೆ ಇರುವವರು ಎಣ್ಣೆಯ ಬದಲು ಗ್ರಾಫೈಟ್ ಪುಡಿ ಬಳಸುವುದು ಮೇಲು. ಮಕ್ಕಳ ಪೆನ್ಸಿಲ್ಲಿನ ಕಡ್ಡಿಯನ್ನು ಚೆನ್ನಾಗಿ ಪುಡಿ ಮಾಡಿ, ಒಣಗಿದ ಸಂದಿಗೆ ಕಾಗದದ ಮಡಿಕೆಯಿಂದ ಉದುರಿಸಿ ಕದ ಆಡಿಸಿದರೂ ಸಾಕು. ಸ್ಪ್ರೇ ಡಬ್ಬಿಗಳ ಬಗ್ಗೆಯೂ ಕೇಳುತ್ತಾರೆ. ಎಲ್ಲೆಡೆ ಸಿಗುವ ಡಬ್ಲ್ಯೂಡಿ-40 ಎಂಬ ದ್ರವವನ್ನು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ತಯಾರಿಸಿದ್ದು ಲೋಹದ ಮೇಲಿನ ನೀರನ್ನು ಸರಿಸಿ ತುಕ್ಕು ತಡೆಯಲಿಕ್ಕೆ. ಜಾಮ್ ಆದದ್ದನ್ನು ಬಿಡಿಸಲು, ತೊಳೆಯಲು ಅದು ಒಳ್ಳೆಯದು, ಸೀಮೆಎಣ್ಣೆಯ ಜಾಗದಲ್ಲಿ ಬಳಸಬಹುದು. ಆದರೆ ತೆಳು ದ್ರವ, ಬೇಗ ಆರುತ್ತದೆ. ಅದರ ಹಿಂದೆ ಒಂದು ಹನಿ ಮಷೀನ್ ಎಣ್ಣೆ ಬೇಕೇ ಬೇಕು.

ಒಂದೇ ಕದದ ಮೂರು ಬಿಜಾಗರಿಗಳಲ್ಲಿ ಮೊದಲು ತುಕ್ಕು ಹಿಡಿಯುವುದು ಕೆಳಗಿನದು. ಇದನ್ನು ನೀವು ಈಗಲೇ ಎದ್ದು ಹೋಗಿ ನೋಡಬಹುದು. ಕಾರಣ ನೀರು. ಬೆಳಗಾದರೆ ನಮ್ಮ ತಾಯಂದಿರು ಅಂಗಳಕ್ಕೆ ನೀರು ಹಾಕಿ, ಹೊಸ್ತಿಲು ತೊಳೆದು, ಅರಿಶಿನ ಕುಂಕುಮ ಹಚ್ಚುತ್ತಾರೆ. ಪರ್ಸಿ ನೆಲವನ್ನು ಕೊಡಗಟ್ಟಲೆ ನೀರು ಹಾಕಿ ತೊಳೆಯುವುದೂ ನಮ್ಮ ರೂಢಿ. ಆ ಸಿಡಿತವೆಲ್ಲ ಕೆಳಗಿನ ಬಿಜಾಗರಿಗೆ. ತೊಳೆಯುವುದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ತೊಳೆದ ಮೇಲೆ ಕೈಯಲ್ಲಿದ್ದ ಒಣ ಬಟ್ಟೆಯನ್ನು ಆ ಬಿಜಾಗರಿಯ ಮೇಲೂ ಒಮ್ಮೆ ಆಡಿಸಿ. ಅಷ್ಟೇ ಸಾಕು, ಅದರ ಆಯುಷ್ಯ ಬೆಳೆಯುತ್ತದೆ.

ಆಸಿಡ್ ಹಾಕಿ ತೊಳೆಯುವುದನ್ನು ಮಾತ್ರ ಬಿಡಿ ಎಂದೇ ಹೇಳುತ್ತೇನೆ. ದೀಪಾವಳಿ ಬಂತೆಂದರೆ ಬಚ್ಚಲು, ನೆಲ, ಮೆಟ್ಟಿಲಿಗೆ ಆಸಿಡ್ ಸುರಿಯುವ ಚಾಳಿ ನಮ್ಮ ಊರುಗಳಲ್ಲಿ ಬೆಳೆದಿದೆ. ಪರ್ಸಿ ಸುಣ್ಣಗಲ್ಲು, ಆಸಿಡ್ ಬಿದ್ದೊಡನೆ ನೊರೆ ಏಳುತ್ತದಲ್ಲ, ಅದು ಕೊಳೆ ಹೋಗುವ ನೊರೆಯಲ್ಲ, ಕಲ್ಲೇ ಕರಗುವ ನೊರೆ. ಅದರ ಹೊಗೆ ಬಚ್ಚಲು ಮನೆಯೊಳಗೆ ತುಂಬಿ ಬಾಗಿಲಿನ ಬಿಜಾಗರಿ, ಚಿಲಕ, ಅಗಳಿಗಳ ಮೇಲೆ ಕೂರುತ್ತದೆ. ಮರುದಿನವೇ ಕೆಂಪು ತುಕ್ಕು. ಬಚ್ಚಲಿನ ಬಾಗಿಲಿಗೆ ಸಾಧ್ಯವಾದರೆ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯ ಬಿಜಾಗರಿ ಹಾಕಿಸಿ, ಸ್ಕ್ರೂಗಳೂ ಅದೇ ಲೋಹದವಿರಲಿ.

ಮಳೆಗಾಲದಲ್ಲಿ ಕದ ಬಿಗಿಯಾದರೆ ಎಲ್ಲರೂ ಬಿಜಾಗರಿಯನ್ನು ದೂರುತ್ತಾರೆ. ಮೊದಲು ಕದದ ಅಂಚನ್ನು ನೋಡಿ. ನಮ್ಮ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಕಟ್ಟಿಗೆ ಒಣಗಿ ಕುಗ್ಗುತ್ತದೆ. ಮಳೆ ಬಂದಾಗ ತೇವ ಹೀರಿ ಅಡ್ಡಕ್ಕೆ ಹಿಗ್ಗುತ್ತದೆ. ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲದಷ್ಟು. ಚಿಂಚೋಳಿಯ ಕುಂಚಾವರಂ ಕಾಡಿನ ಅಂಚಿನ ಹಳ್ಳಿಗಳಲ್ಲಿ ಹಳೆಯ ಬಡಿಗೇರರಿಗೆ ಇದು ಚೆನ್ನಾಗಿ ಗೊತ್ತು. ಮಳೆಗಾಲದ ನಡುವೆ ರಂಧಾ ಹೊಡೆಯಲು ಕರೆದರೆ ಅವರು ಬರುವುದಿಲ್ಲ. "ದೀಪಾವಳಿ ತನ ತಡೀರಿ, ತಾನೇ ಸಡ್ಲ ಆಗ್ತದ" ಎನ್ನುತ್ತಾರೆ. ಅವರ ಮಾತು ಸರಿ. ಶ್ರಾವಣದಲ್ಲಿ ಕೊರೆದ ಕದಕ್ಕೆ ಬೇಸಿಗೆಯಲ್ಲಿ ಬೆರಳು ತೂರುವಷ್ಟು ಸಂದು ಬೀಳುತ್ತದೆ, ಅದರಿಂದ ಹಾವು ಚೇಳೂ ಬರುತ್ತವೆ. ಕದದ ಮೇಲಂಚು ಕೆಳಂಚುಗಳಿಗೂ ಬಣ್ಣ ಹಚ್ಚಿಸಿ. ಪೇಂಟರು ಸಾಮಾನ್ಯವಾಗಿ ಬಿಡುವುದು ಅವೆರಡನ್ನೇ, ತೇವ ಹೆಚ್ಚು ಹೋಗುವುದೂ ಅಲ್ಲಿಂದಲೇ.

ಕದ ವರ್ಷವಿಡೀ ನೆಲಕ್ಕೆ ಉಜ್ಜುತ್ತಿದ್ದರೆ ಮಾತ್ರ ಅದು ಬಿಜಾಗರಿಯ ವಿಷಯ, ಅದರಲ್ಲೂ ಮೇಲಿನದು. ಕದದ ಭಾರ ಕೆಳಗಿನ ಬಿಜಾಗರಿಯನ್ನು ಚೌಕಟ್ಟಿಗೆ ಒತ್ತುತ್ತದೆ, ಮೇಲಿನದನ್ನು ಚೌಕಟ್ಟಿನಿಂದ ಕಿತ್ತುಕೊಳ್ಳುತ್ತದೆ. ಈಗ ಹೇಳಿದ ಸಾಗವಾನಿ ಕದಕ್ಕೆ, ಮೇಲಿನ ಕೆಳಗಿನ ಬಿಜಾಗರಿಗಳ ನಡುವೆ ಐದು ಅಡಿ ಅಂತರವಿದ್ದರೆ, ಮೇಲಿನದರ ಮೇಲೆ ಸುಮಾರು 14 ಕಿಲೋದಷ್ಟು ಎಳೆತ ಹಗಲೂ ರಾತ್ರಿ ಇರುತ್ತದೆ. 20 ಕಿಲೋ ತೂಕದ ಮಗು ಹಿಡಿಕೆ ಹಿಡಿದು ಜೋತಾಡಿದರೆ ಎಳೆತ 25 ಕಿಲೋಗೆ ಏರುತ್ತದೆ. ಮಕ್ಕಳನ್ನು ಕದದ ಮೇಲೆ ಆಡಲು ಬಿಡಬೇಡಿ ಎಂದು ಅಜ್ಜಿಯರು ಗದರುತ್ತಿದ್ದುದು ಸುಮ್ಮನೆ ಅಲ್ಲ. ಹಿಡಿಕೆಗೆ ಭಾರದ ಚೀಲ, ಹಸಿ ಟವೆಲ್‌ಗಳ ರಾಶಿ ನೇತು ಹಾಕುವುದೂ ಅದೇ ಎಳೆತ.

ಸಡಿಲವಾದ ಸ್ಕ್ರೂವನ್ನು ಅದೇ ತೂತಿಗೆ ಮತ್ತೆ ಮತ್ತೆ ತಿರುಗಿಸಿ ಪ್ರಯೋಜನವಿಲ್ಲ, ಕಟ್ಟಿಗೆ ಅಲ್ಲಿ ಹಿಟ್ಟಾಗಿರುತ್ತದೆ. ಕದಕ್ಕೆ ಅಡಿಯಿಂದ ಬೆಣೆ ಕೊಟ್ಟು ಎತ್ತಿ, ಸ್ಕ್ರೂ ತೆಗೆದು, ತೂತಿನೊಳಗೆ ಬಡಗಿ ಅಂಟು ಸವರಿದ ಬಿದಿರಿನ ಕಡ್ಡಿ ಅಥವಾ ಮದ್ದು ತೆಗೆದ ಬೆಂಕಿಕಡ್ಡಿಗಳನ್ನು ಬಿಗಿಯಾಗಿ ತುಂಬಿ, ಅಂಚಿಗೆ ಕತ್ತರಿಸಿ, ಒಂದು ರಾತ್ರಿ ಬಿಡಿ. ಮರುದಿನ ಅರ್ಧ ಇಂಚು ಉದ್ದ ಹೆಚ್ಚಿರುವ ಸ್ಕ್ರೂ ಹಾಕಿದರೆ ಹೊಸ ಕಟ್ಟಿಗೆಯನ್ನು ಹಿಡಿಯುತ್ತದೆ. ಸುತ್ತಿಗೆಯಿಂದ ಸ್ಕ್ರೂ ಹೊಡೆಯುವವರನ್ನು ಕಂಡರೆ ತಡೆಯಿರಿ.

ಹೊಸ ಮನೆ ಕಟ್ಟಿಸುವವರಿಗೆ ಒಂದು ಮಾತು. ಕದ ಕೂಡಿಸಿದ ಮೇಲೆ ಗಿಲಾವು, ನೆಲದ ಪಾಲಿಶ್, ಬಣ್ಣ ಇವೆಲ್ಲ ನಡೆಯುತ್ತವೆ. ಗೃಹಪ್ರವೇಶದ ಹೊತ್ತಿಗೆ ಬಿಜಾಗರಿಯೊಳಗೆ ಸಿಮೆಂಟಿನ ಹನಿ, ಪಾಲಿಶ್ ಯಂತ್ರದ ಕಲ್ಲು ರಾಡಿ, ಬಣ್ಣ ಎಲ್ಲವೂ ಸೇರಿರುತ್ತದೆ. ಕೆಲಸ ಮುಗಿಯುವವರೆಗೆ ಪ್ರತಿ ಬಿಜಾಗರಿಗೂ ಹಳೆಯ ಪೇಪರ್ ಸುತ್ತಿ ಟೇಪ್ ಹಚ್ಚಿಸಿ. ಅಂಗಡಿಯಲ್ಲಿ ಕೊಳ್ಳುವಾಗ ತೆರೆದು ಮುಚ್ಚಿ ನೋಡಿ, ಪಟ್ಟಿಗಳನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ. ಹೊಸದರಲ್ಲೇ ಲಟಪಟ ಎಂದರೆ ಬೇಡ. ಉಕ್ಕಿನ ಬಿಜಾಗರಿಗೆ ಐಎಸ್ 1341 ಎಂಬ ಭಾರತೀಯ ಮಾನಕವಿದೆ. ಅದನ್ನು ಕೇಳಿ ಪಡೆಯಿರಿ. ಭಾರದ ತಲೆಬಾಗಿಲಿಗೆ ಎರಡರ ಬದಲು ಮೂರು ಬಿಜಾಗರಿ ಹಾಕಿಸಿ. ಉಳಿಸುವ ದುಡ್ಡು ಅಲ್ಲಿ ಉಳಿಯುವುದಿಲ್ಲ.

ಹಳ್ಳಿಗಳ ಹಳೆಯ ಮಾಳಿಗೆ ಮನೆಗಳಲ್ಲಿ, ವಾಡೆಗಳಲ್ಲಿ ಬಿಜಾಗರಿಯೇ ಇಲ್ಲದ ಕದಗಳು ಇನ್ನೂ ಉಳಿದಿವೆ. ಕದದ ಕಟ್ಟಿಗೆಯಲ್ಲೇ ಮೇಲೆ ಕೆಳಗೆ ಮೊಳಕೆಯಂತೆ ಬಿಟ್ಟ ಗೂಟ, ಅದು ತಿರುಗಲು ಹೊಸ್ತಿಲಿನ ಕಲ್ಲಿನಲ್ಲಿ ಒಂದು ಕುಳಿ. ರಾಷ್ಟ್ರಕೂಟರು ಮಳಖೇಡದಿಂದ ಆಳಿದ ಕಾಲದಲ್ಲೂ ಕದಗಳು ತಿರುಗುತ್ತಿದ್ದುದು ಹೀಗೆಯೇ. ಹಳೆಯ ಗುಡಿಗಳ ಬಾಗಿಲುವಾಡದ ಒಳಬದಿಯಲ್ಲಿ ಆ ಗುಂಡನೆಯ ಕುಳಿಗಳನ್ನು ನೋಡಬಹುದು. ಅಂಥ ಕದ ನಿಮ್ಮ ಮನೆಯಲ್ಲಿದ್ದರೆ ಕಿತ್ತು ಮಾರಬೇಡಿ. ಇಬ್ಬರು ಸೇರಿ ಕದವನ್ನು ಮೇಲಕ್ಕೆ ಎತ್ತಿ ಹಿಡಿದು, ಮೂರನೆಯವರು ಕುಳಿಯ ಮಣ್ಣನ್ನು ಕೆದರಿ ತೆಗೆದರೆ ಸಾಕು. ಅಲ್ಲಿ ಎಣ್ಣೆ ಬೇಡ, ಗೂಟಕ್ಕೆ ಸ್ವಲ್ಪ ಮೇಣ ಸವರಿ ಇಳಿಸಿ.

2020ರ ಅಕ್ಟೋಬರಿನಲ್ಲಿ ಭೀಮಾ, ಕಾಗಿಣಾ ಉಕ್ಕಿ ಹರಿದದ್ದು ಈ ಭಾಗದವರು ಮರೆಯುವಂಥದ್ದಲ್ಲ. ನೀರು ನುಗ್ಗಿ ಇಳಿದ ಮನೆಯಲ್ಲಿ ಕಾಳು, ಬಟ್ಟೆ, ಕಾಗದಪತ್ರಗಳ ಚಿಂತೆಯೇ ಮೊದಲು, ಬಿಜಾಗರಿ ಕಡೆಯದು. ಆದರೂ ಅಂಥ ಹೊತ್ತು ಬಂದರೆ, ಕೆಸರು ಒಣಗುವ ಮೊದಲೇ ಬಿಜಾಗರಿಯ ಮೇಲೆ ಶುದ್ಧ ನೀರು ಸುರಿದು ರಾಡಿ ತೆಗೆಯಿರಿ. ಎರೆ ಮಣ್ಣು ಒಮ್ಮೆ ಒಣಗಿದರೆ ಬಿಡಿಸುವುದು ಬಲು ಕಷ್ಟ. ಕದ ಒಣಗಿದ ಮೇಲೆ ಸೀಮೆಎಣ್ಣೆ, ಎಣ್ಣೆ.

ಕದ ಸದ್ದು ಮಾಡಿದರೆ ಕಳ್ಳ ಬಂದದ್ದು ಗೊತ್ತಾಗುತ್ತದೆ, ಅದಕ್ಕೇ ಹಾಗೆ ಬಿಟ್ಟಿದ್ದೇವೆ ಎನ್ನುವ ಹಿರಿಯರಿದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟು. ಸದ್ದು ಮಾಡುವ ಬಿಜಾಗರಿ ಸವೆಯುತ್ತಿರುವ ಬಿಜಾಗರಿ. ಸವೆದ ಬಿಜಾಗರಿಯ ಕದ ಇಳಿಯುತ್ತದೆ, ಇಳಿದ ಕದದ ಅಗಳಿ ತೂತಿಗೆ ಸರಿಯಾಗಿ ಕೂರುವುದಿಲ್ಲ. ಕಳ್ಳನಿಗೆ ಬೇಕಾದದ್ದೂ ಅದೇ. ಕಾವಲಿಗೆ ಒಳ್ಳೆಯ ಅಗಳಿ ಹಾಕಿಸಿ. ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ಮಲಗುವ ಮನೆಗಳು ವಾಡಿ, ಶಹಾಬಾದ್, ಸೇಡಂನಲ್ಲಿ ಎಷ್ಟಿವೆ! ತೊಟ್ಟಿಲ ಕೂಸು, ನಿದ್ದೆ ಬಾರದ ಅಜ್ಜ ಇರುವ ಮನೆಗಳು ಎಷ್ಟಿವೆ! ಅವರಿಗೆ ಸದ್ದಿಲ್ಲದ ಕದ ಬೇಕು.

ವರ್ಷಕ್ಕೆ ಎರಡು ಸಲ ಈ ಕೆಲಸ ಮಾಡಿದರೆ ಸಾಕು. ತೊಗರಿ ರಾಶಿ ಮುಗಿದು ಯುಗಾದಿಗೆ ಮನೆ ಸಾರಿಸುವಾಗ ಒಮ್ಮೆ, ಮಿರಗದ ಮಳೆ ಬೀಳುವ ಮೊದಲು ಇನ್ನೊಮ್ಮೆ. ಒಣಗಲು ಬಿಡುವ ಹೊತ್ತನ್ನು ಬಿಟ್ಟರೆ ಒಂದು ಕದಕ್ಕೆ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಮನೆಯ ಹುಡುಗ ಹುಡುಗಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ, ಅವರ ಕೈಗೂ ಬ್ರಷ್ ಕೊಡಿ. ಬರುವ ಭಾನುವಾರ ತಲೆಬಾಗಿಲಿನ ಕೆಳಗಿನ ಬಿಜಾಗರಿಯಿಂದಲೇ ಶುರು ಮಾಡಿ.